ಮೂರನೇ ಡೌನ್, ಇನ್ನೂ 17 ಗಜ: ಒಂದೇ ವರ್ಷದಲ್ಲಿ ಜೋ ಬರ್ರೋ ಇಷ್ಟು ಬದಲಾದದ್ದು ಹೇಗೆ?

ಪ್ರಶ್ನೆ: ಮಗ ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅವನ ಜೊತೆ ಕೂತು 2019ರ ಟೆಕ್ಸಾಸ್–ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಅಮೆರಿಕನ್ ಕಾಲೇಜು ಫುಟ್‌ಬಾಲ್ ಪಂದ್ಯದ ರೆಕಾರ್ಡಿಂಗ್ ನೋಡಿದೆ. ಎಲ್‌ಎಸ್‌ಯು 45–38ರಿಂದ ಕಷ್ಟಪಟ್ಟು ಗೆದ್ದಿತು. ಅದರ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸಿ ಚೆಂಡು ಎಸೆಯುವವ) ಜೋ ಬರ್ರೋ ಅದಕ್ಕೆ ಹಿಂದಿನ ವರ್ಷ ಸಾಧಾರಣ ಆಟಗಾರ, ನೂರಕ್ಕೆ 58 ಪಾಸ್ ಮಾತ್ರ ಗುರಿ ಮುಟ್ಟುತ್ತಿತ್ತು, ಒಂದೇ ವರ್ಷದಲ್ಲಿ ಅದು 76 ಆಯಿತು ಎಂದು ಮಗ ಹೇಳುತ್ತಾನೆ. ಹೀಗಾಗುವುದು ಹೇಗೆ? ತೋಳಿನ ಬಲ ಹೆಚ್ಚಿತೇ? ಅದೇ ವರ್ಷ ಆಬರ್ನ್ ತಂಡದ ಮೇಲೆ 23–20ರಿಂದ ಗೆದ್ದಾಗ ಅವರು ಹಾಕಿದ್ದು ಒಂದೇ ಟಚ್‌ಡೌನ್ (ಗೋಲ್ ಗೆರೆ ದಾಟಿಸಿ ಆರು ಅಂಕ ತರುವ) ಪಾಸ್. ಅದನ್ನೂ ಸುಧಾರಣೆ ಅನ್ನಬಹುದೇ? ಆಟದ ನಿಯಮ ನನಗೆ ಅಲ್ಪಸ್ವಲ್ಪ ಗೊತ್ತು.

ಉತ್ತರ: ತೋಳಿನ ಬಲಕ್ಕೂ ಇದಕ್ಕೂ ಹೆಚ್ಚು ಸಂಬಂಧವಿಲ್ಲ. ಬಲವಾದ ತೋಳಿನವರು ಎಂದು ಬರ್ರೋ ಅವರನ್ನು 2018ರಲ್ಲಿ ಯಾರೂ ಹೊಗಳುತ್ತಿರಲಿಲ್ಲ, 2019ರ ನಂತರವೂ ಅವರ ಹೆಸರು ಬಂದದ್ದು ಆ ಕಾರಣಕ್ಕಲ್ಲ. ಬದಲಾದದ್ದು ನಿರ್ಧಾರ ಮಾಡುವ ಹೊತ್ತು. ಚೆಂಡು ಕೈಗೆ ಬರುವ ಮುನ್ನವೇ ಮುಕ್ಕಾಲು ಪಾಲು ಯೋಚನೆ ಮುಗಿದಿರುವಂತೆ ಎಲ್‌ಎಸ್‌ಯು ತನ್ನ ದಾಳಿಯನ್ನು ಹೊಸದಾಗಿ ಕಟ್ಟಿತು. ಆ ಕಟ್ಟಡದ ಭಾರ ಹೊರುವ ತಲೆ ಬರ್ರೋ ಅವರಿಗೆ ಇತ್ತು.

ಮೊದಲು ಲೆಕ್ಕ ನೋಡೋಣ, ಏಕೆಂದರೆ ಶೇಕಡಾವಾರು ಒಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. 2018ರ 13 ಪಂದ್ಯಗಳಲ್ಲಿ ಬರ್ರೋ 379 ಬಾರಿ ಎಸೆದರು, 219 ಗುರಿ ಮುಟ್ಟಿದವು. 2,894 ಗಜ, 16 ಟಚ್‌ಡೌನ್, 5 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್). 2019ರ 15 ಪಂದ್ಯಗಳಲ್ಲಿ 527 ಎಸೆತ, 402 ಯಶಸ್ವಿ. 5,671 ಗಜ, 60 ಟಚ್‌ಡೌನ್, 6 ಇಂಟರ್‌ಸೆಪ್ಷನ್. ಅಂದರೆ ಶೇ 57.8 ಇದ್ದದ್ದು ಶೇ 76.3 ಆಯಿತು. ಯಾವ ಕ್ವಾರ್ಟರ್‌ಬ್ಯಾಕ್ ಬೇಕಾದರೂ ಎರಡು ಗಜ ದೂರದಲ್ಲಿ ನಿಂತವನಿಗೇ ಕೊಡುತ್ತಾ ಹೋದರೆ ಶೇಕಡಾವಾರು ಏರುತ್ತದೆ, ಆದರೆ ಆಗ ಪ್ರತಿ ಎಸೆತಕ್ಕೆ ಸಿಗುವ ಗಜ ಇಳಿಯುತ್ತದೆ. ಇಲ್ಲಿ ಅದೂ 7.6ರಿಂದ 10.8ಕ್ಕೆ ಏರಿತು. ಎರಡೂ ಒಟ್ಟಿಗೆ ಏರುವುದು ಅಪರೂಪ.

ಇವನ್ನೆಲ್ಲ ಒಂದೇ ಸಂಖ್ಯೆಯಲ್ಲಿ ಹಿಡಿಯಲು ಕಾಲೇಜು ಫುಟ್‌ಬಾಲ್‌ನಲ್ಲಿ ಒಂದು ಸೂತ್ರವಿದೆ. ಗಜಗಳನ್ನು 8.4ರಿಂದ, ಟಚ್‌ಡೌನ್‌ಗಳನ್ನು 330ರಿಂದ, ಯಶಸ್ವಿ ಪಾಸ್‌ಗಳನ್ನು 100ರಿಂದ ಗುಣಿಸಿ ಕೂಡಿಸಿ. ಇಂಟರ್‌ಸೆಪ್ಷನ್ ಒಂದಕ್ಕೆ 200ರಂತೆ ಕಳೆಯಿರಿ. ಬಂದದ್ದನ್ನು ಒಟ್ಟು ಎಸೆತಗಳಿಂದ ಭಾಗಿಸಿ. ಬರ್ರೋ ಅವರಿಗೆ 2018ರಲ್ಲಿ 133.2, 2019ರಲ್ಲಿ 202.0 ಬರುತ್ತದೆ. ಈ ಸೂತ್ರ ಕೈಯಲ್ಲಿಟ್ಟುಕೊಳ್ಳಿ, ಆಬರ್ನ್ ಪಂದ್ಯಕ್ಕೆ ಬೇಕಾಗುತ್ತದೆ.

2018 ಏಕೆ ಸಪ್ಪೆಯಾಗಿತ್ತು? ಒಂದು ಕಾರಣ ಸರಳ. ಬರ್ರೋ ಓಹಾಯೋ ಸ್ಟೇಟ್‌ನಲ್ಲಿ ಪದವಿ ಮುಗಿಸಿ, ಅಲ್ಲಿ ಮೊದಲ ಆಯ್ಕೆಯ ಜಾಗ ಸಿಗದೆ, ಬೇಸಿಗೆಯ ಹೊತ್ತಿಗೆ ಲೂಸಿಯಾನಾಕ್ಕೆ ಬಂದವರು. ವಸಂತಕಾಲದ ಅಭ್ಯಾಸ ಅವರಿಗೆ ಸಿಗಲಿಲ್ಲ, ಸೆಪ್ಟೆಂಬರ್ ಮೊದಲ ವಾರದಲ್ಲೇ ಪಂದ್ಯ. ರಿಸೀವರ್, ಅಂದರೆ ಪಾಸ್ ಹಿಡಿಯುವ ಆಟಗಾರ, 12 ಗಜ ಓಡಿ ತಿರುಗುವ ಒಂದು ಓಟವನ್ನು ತೆಗೆದುಕೊಳ್ಳಿ: ಅವನು ತಿರುಗಿದ ಮೇಲೆ ಎಸೆದರೆ ತಡ, ತಿರುಗುವ ಮುನ್ನ ಚೆಂಡು ಕೈ ಬಿಟ್ಟಿರಬೇಕು. ಯಾವ ಆಟಗಾರ ಎಷ್ಟನೇ ಹೆಜ್ಜೆಗೆ ವೇಗ ತಗ್ಗಿಸುತ್ತಾನೆ, ಯಾವ ಭುಜದ ಕಡೆ ತಿರುಗುತ್ತಾನೆ ಎನ್ನುವುದು ಸಾವಿರಾರು ಬಾರಿ ಒಟ್ಟಿಗೆ ಆಡಿದರೆ ಮಾತ್ರ ಮೈಗೆ ಹತ್ತುತ್ತದೆ. ವರ್ಷದ ಕೊನೆಗೆ ಅದು ಹತ್ತತೊಡಗಿತ್ತು ಎನ್ನುವುದಕ್ಕೆ ಸಾಕ್ಷಿ 2019ರ ಜನವರಿ 1ರ ಫಿಯೆಸ್ಟಾ ಬೌಲ್: ಸೆಂಟ್ರಲ್ ಫ್ಲಾರಿಡಾ ವಿರುದ್ಧ 394 ಗಜ, 4 ಟಚ್‌ಡೌನ್, 40–32ರ ಗೆಲುವು. ಹಾಗಾಗಿ ಒಂದೇ ರಾತ್ರಿಯಲ್ಲಿ ಪವಾಡ ನಡೆಯಿತು ಎನ್ನುವ ಕಥೆಯನ್ನು ಪೂರ್ತಿ ನಂಬಬೇಡಿ.

ಎರಡನೇ ಕಾರಣ ಆಟದ ಕಟ್ಟು. ದಾಳಿ ತಂಡದ 11 ಜನರಲ್ಲಿ ಐವರು ಲೈನ್‌ಮನ್ (ಮುಂದೆ ನಿಂತು ಎದುರಾಳಿಯನ್ನು ತಡೆಯುವವರು), ಒಬ್ಬ ಕ್ವಾರ್ಟರ್‌ಬ್ಯಾಕ್. ಉಳಿದ ಐವರನ್ನು ಏನು ಮಾಡಬೇಕು ಎನ್ನುವುದರಲ್ಲೇ ಇಡೀ ಆಟವಿದೆ. ಹಳೆಯ ಎಲ್‌ಎಸ್‌ಯು ಪದ್ಧತಿಯಲ್ಲಿ ಅವರಲ್ಲಿ ಒಬ್ಬಿಬ್ಬರು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಹಿಂದೆಯೇ ಉಳಿಯುತ್ತಿದ್ದರು. ಇಬ್ಬರು ಉಳಿದಾಗ ಚೆಂಡು ಹಿಡಿಯಲು ಹೊರಡುವವರು ಮೂವರು. ಎದುರಾಳಿ ನಾಲ್ವರನ್ನು ಮುನ್ನುಗ್ಗಿಸಿದರೂ ಉಳಿದ ಏಳು ಜನ ಆ ಮೂವರನ್ನು ಸುತ್ತುವರಿಯುತ್ತಾರೆ. ಕಾವಲು ಭದ್ರ, ಕೊಡಲು ಯಾರೂ ಇಲ್ಲ. 2018ರಲ್ಲಿ ತವರಿನಲ್ಲೇ ಅಲಬಾಮಾ ಕೈಯಲ್ಲಿ 29–0ರಿಂದ ಸೋತ ತಂಡ ಇದು.

2019ರ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ವೃತ್ತಿಪರ ತಂಡದಿಂದ ಜೋ ಬ್ರೇಡಿ ಎಂಬ 29 ವರ್ಷದ ತರಬೇತುದಾರ ಪಾಸಿಂಗ್ ವಿಭಾಗಕ್ಕೆ ಬಂದರು. ಮುಖ್ಯ ತರಬೇತುದಾರ ಎಡ್ ಓರ್ಜೆರಾನ್, ದಾಳಿಯ ಹೊಣೆ ಹೊತ್ತ ಸ್ಟೀವ್ ಎನ್ಸ್‌ಮಿಂಗರ್ ಇಬ್ಬರೂ ಇದ್ದೇ ಇದ್ದರು. ಬ್ರೇಡಿ ಒಬ್ಬರೇ ಎಲ್ಲ ಮಾಡಿದರು ಎನ್ನುವುದು ಪತ್ರಿಕೆಗಳ ಉತ್ಸಾಹ. ಆದರೆ ಅವರು ತಂದ ಮುಖ್ಯ ವಿಚಾರ ಗಟ್ಟಿಯಾದದ್ದು: ಐವರನ್ನೂ ಹೊರಗೆ ಓಡಿಸಿ, ಕಾಯುವ ಕೆಲಸವನ್ನು ಐವರು ಲೈನ್‌ಮನ್‌ಗಳಿಗೇ ಬಿಡಿ. ಈಗ ಎದುರಾಳಿಗೆ ಪೇಚು. ನಾಲ್ವರನ್ನು ನುಗ್ಗಿಸಿದರೆ ಏಳು ಜನ ಐವರನ್ನು ಕಾಯಬೇಕು, ಎಲ್ಲೋ ಒಂದು ಸಂದು ಬಿಟ್ಟೇಬಿಡುತ್ತದೆ. ಆರು ಜನರನ್ನು ನುಗ್ಗಿಸಿದರೆ ಉಳಿಯುವುದು ಐವರು, ಒಬ್ಬರಿಗೆ ಒಬ್ಬರು, ಹಿಂದೆ ಆಸರೆ ಇಲ್ಲ. ಹಾಗೆ ಒಂಟಿಯಾಗಿ ಕಾಯಬೇಕಾದದ್ದು ಜಸ್ಟಿನ್ ಜೆಫರ್ಸನ್, ಜಮಾರ್ ಚೇಸ್ ಅವರಂಥ ರಿಸೀವರ್‌ಗಳನ್ನು.

ಫಲ ಅಂಕಿಗಳಲ್ಲೇ ಇದೆ. ಓಟಗಾರ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ 2018ರಲ್ಲಿ ಹಿಡಿದ ಪಾಸ್ 11, 2019ರಲ್ಲಿ 55. ಒಳಗಿನ ಸ್ಲಾಟ್ ಜಾಗಕ್ಕೆ (ಲೈನ್ ಮತ್ತು ಅಂಚಿನ ರಿಸೀವರ್ ನಡುವೆ) ಬಂದ ಜೆಫರ್ಸನ್ 54ರಿಂದ 111ಕ್ಕೆ ಹೋದರು, ಚೇಸ್ 23ರಿಂದ 84ಕ್ಕೆ. ಇದನ್ನು ಮರೆತು ಬರ್ರೋ ಒಬ್ಬರ ಸುಧಾರಣೆ ಎಂದರೆ ಅನ್ಯಾಯ. ಶೇಕಡಾವಾರಿನಲ್ಲಿ ಹಿಡಿಯುವವನ ಕೈಯೂ ಇದೆ: ಬಂದ ಚೆಂಡನ್ನು ಅವನು ಕೈಚೆಲ್ಲಿದರೂ ಅದು ಕ್ವಾರ್ಟರ್‌ಬ್ಯಾಕ್ ಖಾತೆಗೇ ಬೀಳುತ್ತದೆ, ಒತ್ತಡದಲ್ಲಿ ಬೇಕೆಂದೇ ಹೊರಗೆ ಎಸೆದ ಚೆಂಡೂ ಅಷ್ಟೇ.

ಈ ಕಟ್ಟಿಗೆ ಒಂದು ಬೆಲೆ ಇದೆ. ಆರು ಜನ ನುಗ್ಗಿದರೆ ಐವರು ಐವರನ್ನೇ ತಡೆಯಬಲ್ಲರು, ಆರನೆಯವನು ನೇರ ಕ್ವಾರ್ಟರ್‌ಬ್ಯಾಕ್ ಎದೆಗೆ ಬರುತ್ತಾನೆ. ಅವನನ್ನು ತಡೆಯುವ ಒಂದೇ ಉಪಾಯ ಅವನು ಮುಟ್ಟುವ ಮುನ್ನ ಚೆಂಡು ಬಿಡುವುದು. ಹಾಗೆ ಬಿಡಬೇಕಾದರೆ ಅವನು ಯಾರು, ಯಾವ ಕಡೆಯಿಂದ ಬರುತ್ತಾನೆ ಎಂದು ಮೊದಲೇ ಗೊತ್ತಿರಬೇಕು. ಬೌಲರ್‌ನ ಮಣಿಕಟ್ಟು ನೋಡಿ ಗೂಗ್ಲಿ ಗುರುತಿಸುವ ಬ್ಯಾಟರ್‌ನ ಹಾಗೆ, ಚೆಂಡು ಬಿದ್ದ ಮೇಲೆ ಗುರುತಿಸಿದರೆ ಉಪಯೋಗವಿಲ್ಲ.

ಹಾಗಾದರೆ ಚೆಂಡು ಸ್ನ್ಯಾಪ್ ಆಗುವ (ಲೈನ್ ನಡುವಿನ ಸೆಂಟರ್ ಅದನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾಗುವ) ಮೊದಲು ಕ್ವಾರ್ಟರ್‌ಬ್ಯಾಕ್ ಏನು ನೋಡುತ್ತಾನೆ? ಒಂದು ಆಟ ಮುಗಿದ ಮೇಲೆ ಮುಂದಿನದಕ್ಕೆ 40 ಸೆಕೆಂಡ್. ತಂಡ ಬೇಗ ಸಾಲಿಗೆ ಬಂದು ನಿಂತರೆ ನೋಡಲು ಹೊತ್ತು ಸಿಗುತ್ತದೆ. ಚರ್ಚೆಯಲ್ಲೇ ಗಡಿಯಾರ ಮುಗಿಸುವ ತಂಡಕ್ಕೆ ಸಿಗುವುದಿಲ್ಲ. ಮೊದಲ ನೋಟ ಎದುರಾಳಿಯ ಕೊನೆಯ ಸಾಲನ್ನು ಕಾಯುವ ಇಬ್ಬರು ಸೇಫ್ಟಿಗಳ ಕಡೆ. ನಡುವೆ ಒಬ್ಬನೇ ಆಳದಲ್ಲಿದ್ದರೆ ಅಂಚುಗಳಲ್ಲಿ ಜಾಗ ಇರುತ್ತದೆ. ಇಬ್ಬರೂ ಆಳದಲ್ಲಿದ್ದರೆ ನಡುಮೈದಾನ ತೆರೆದಿರುತ್ತದೆ, ಮುಂಭಾಗದಲ್ಲಿ ಜನ ಕಡಿಮೆ ಇರುವುದರಿಂದ ಓಡುವುದಕ್ಕೂ ಅನುಕೂಲ. ಇಬ್ಬರೂ ಮುಂದೆ ಬಂದಿದ್ದರೆ ನುಗ್ಗು ಬರುತ್ತಿದೆ ಎಂದೇ ಲೆಕ್ಕ. ಎರಡನೆಯದು ಲೈನ್ ಎದುರಿನ ಗುಂಪಿನಲ್ಲಿ ಎಷ್ಟು ಜನ ಎಂಬ ಎಣಿಕೆ. ಮೂರನೆಯದಕ್ಕೆ ಸ್ವಲ್ಪ ನಾಟಕ ಬೇಕು: ಒಬ್ಬ ಆಟಗಾರನನ್ನು ಈ ಬದಿಯಿಂದ ಆ ಬದಿಗೆ ನಡೆಸಿ ನೋಡುವುದು. ಎದುರಾಳಿಯಲ್ಲಿ ಒಬ್ಬ ಅವನ ಬೆನ್ನಿಗೇ ಬಂದರೆ ಒಬ್ಬರಿಗೊಬ್ಬರ ಕಾವಲು, ಎಲ್ಲರೂ ಇದ್ದಲ್ಲೇ ಸ್ವಲ್ಪ ಸರಿದರೆ ಜಾಗ ಕಾಯುವ ಕಾವಲು. ಕೊನೆಗೆ ಚೆಂಡು ಕೇಳಿದಂತೆ ಸುಳ್ಳು ಚಪ್ಪಾಳೆ ಅಥವಾ ಕೂಗು. ನುಗ್ಗಲು ತುದಿಗಾಲಲ್ಲಿ ನಿಂತ ಲೈನ್‌ಬ್ಯಾಕರ್ (ಎದುರಾಳಿಯ ಲೈನ್ ಹಿಂದೆ ಕಾಯುವವ) ಆಗ ಒಂದು ಹೆಜ್ಜೆ ಮುಂದಿಟ್ಟು ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತಾನೆ. ಅದನ್ನು ಕಂಡು ಕ್ವಾರ್ಟರ್‌ಬ್ಯಾಕ್ ಮತ್ತು ಸೆಂಟರ್ ಸೇರಿ ಐವರ ಕಾವಲನ್ನು ಎಡಕ್ಕೋ ಬಲಕ್ಕೋ ಸರಿಸುತ್ತಾರೆ. ಆ ವರ್ಷ ದೇಶದ ಅತ್ಯುತ್ತಮ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ ಎಲ್‌ಎಸ್‌ಯು ಲೈನ್‌ಗೇ ಬಂತು.

ಕಾಲೇಜು ಮೈದಾನದ ಒಂದು ವಿಶೇಷ ಇಲ್ಲಿ ಹೇಳಲೇಬೇಕು. ಅಗಲ 160 ಅಡಿ. ಚೆಂಡನ್ನು ಇಡುವ ಅಡ್ಡಗುರುತುಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ವೃತ್ತಿಪರ ಆಟದಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಹೀಗಾಗಿ ಚೆಂಡು ಒಂದು ಬದಿಯ ಗುರುತಿನ ಮೇಲಿದ್ದರೆ ಹತ್ತಿರದ ಅಂಚು 60 ಅಡಿ, ದೂರದ ಅಂಚು 100 ಅಡಿ. ಆ ದೂರದ ಅಂಚಿಗೆ ಎಸೆಯುವ ಪಾಸ್ ಗಾಳಿಯಲ್ಲಿ ಬಹಳ ಹೊತ್ತು ಇರುತ್ತದೆ, ತೋಳು ಸಾಧಾರಣವಾದರೆ ನಡುವೆ ಬಂದು ಕದಿಯುವವರು ಇರುತ್ತಾರೆ. ಬಲ ಸಾಲದವರು ಇದನ್ನು ಗೆಲ್ಲುವುದು ಬೇಗ ಎಸೆಯುವುದರಿಂದ. ತೋಳಿನ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರ ಇದೇ.

ಚೆಂಡು ಕೈಗೆ ಬಂದ ಮೇಲಿನ ಕೆಲಸ ಕಾಲಿನದು. ಶಾಟ್‌ಗನ್ ನಿಲುವಿನಲ್ಲಿ ಕ್ವಾರ್ಟರ್‌ಬ್ಯಾಕ್ ಸೆಂಟರ್‌ಗಿಂತ ಸುಮಾರು 5 ಗಜ ಹಿಂದೆ ನಿಂತಿರುತ್ತಾನೆ. ಅಲ್ಲಿಂದ ಒಂದು ಹೆಜ್ಜೆಗೆ ಬಿಡುವ ಪಾಸ್‌ಗಳು, ಮೂರು ಹೆಜ್ಜೆಗೆ ಬಿಡುವವು, ಐದು ಹೆಜ್ಜೆಗೆ ಬಿಡುವವು ಎಂದು ಪ್ರತಿ ಓಟಕ್ಕೂ ಹೆಜ್ಜೆ ಕಟ್ಟಿರುತ್ತದೆ. ಕೊನೆಯ ಹೆಜ್ಜೆ ನೆಲ ಮುಟ್ಟಿದಾಗ ಮೊದಲ ಆಯ್ಕೆ ಸಿದ್ಧವಿರಬೇಕು. ಇಲ್ಲವಾದರೆ ಮುಂದಕ್ಕೆ ಒಂದು ಪುಟ್ಟ ಹೆಜ್ಜೆ, ಎರಡನೇ ಆಯ್ಕೆ. ಇನ್ನೊಂದು, ಮೂರನೇ ಆಯ್ಕೆ. ಮೂರು ಸೆಕೆಂಡ್ ಆಸುಪಾಸಿನಲ್ಲಿ ಎಲ್ಲ ಮುಗಿಯಬೇಕು. ಕಾಲು ಗಡಿಯಾರ, ಕಣ್ಣು ಅದರ ಹಿಂದೆ.

ಹೊಸಬರು ಎಡವುವುದೂ ಇಲ್ಲಿಯೇ. ಒಬ್ಬನೇ ರಿಸೀವರ್‌ನನ್ನು ದಿಟ್ಟಿಸುತ್ತಾರೆ, ಸೇಫ್ಟಿ ಅವರ ಕಣ್ಣನ್ನೇ ಓದಿ ಅತ್ತ ಓಡುತ್ತಾನೆ. ಒತ್ತಡ ಬಂದರೆ ಹಿಂದೆ ಹಿಂದೆ ಸರಿಯುತ್ತಾರೆ. ಲೈನ್‌ನ ಎರಡು ತುದಿಯವರು ನುಗ್ಗುವವರನ್ನು ಸುತ್ತು ಹಾಕಿಸಿ ಹಿಂದಕ್ಕೆ ತಳ್ಳುತ್ತಿರುತ್ತಾರೆ, ಹಾಗಾಗಿ ಹಿಂದೆ ಸರಿದವನು ತಾನಾಗಿಯೇ ಅವರ ಬಾಯಿಗೆ ಬೀಳುತ್ತಾನೆ. ಮುಂದೆ ಹೆಜ್ಜೆ ಇಟ್ಟವನಿಗೆ ಲೈನ್‌ಮನ್‌ಗಳು ಸುತ್ತ ಕಟ್ಟಿದ ಪಾಕೆಟ್‌ನೊಳಗೆ ಜಾಗ ಇರುತ್ತದೆ. ಹಿಂಗಾಲ ಮೇಲೆ ಭಾರ ಹಾಕಿ ಎಸೆದರೆ ಚೆಂಡು ಮೇಲಕ್ಕೆ ತೇಲುತ್ತದೆ. ಮುಂಗಾಲು ಅತಿ ಉದ್ದ ಚಾಚಿದರೂ ಅದೇ ಕಥೆ. ಮುಂಗಾಲು ಗುರಿಯ ಅಡ್ಡಕ್ಕೆ ಊರಿದರೆ ಸೊಂಟ ತಿರುಗದೆ ಪಾಸ್ ರಿಸೀವರ್‌ನ ಹಿಂದೆ ಬೀಳುತ್ತದೆ. ಒಂದಡಿ ಹಿಂದೆ ಬಿದ್ದ ಚೆಂಡನ್ನೂ ಅವನು ಹಿಡಿಯಬಹುದು, ಆದರೆ ನಿಂತು ಹಿಡಿಯಬೇಕು, ಹಿಡಿದ ಮೇಲಿನ ಓಟ ಸತ್ತಿತು. 7.6 ಗಜ 10.8 ಆಗುವುದರಲ್ಲಿ ಈ ಒಂದಡಿಯ ಪಾಲು ದೊಡ್ಡದು.

ಈಗ ನೀವು ನೋಡಿದ ಪಂದ್ಯ. 2019ರ ಸೆಪ್ಟೆಂಬರ್ 7, ಆಸ್ಟಿನ್. ಟೆಕ್ಸಾಸ್ ಮೊದಲಾರ್ಧದಲ್ಲಿ ಎರಡು ಬಾರಿ ಗೋಲ್ ಗೆರೆಯ ಹೊಸ್ತಿಲಿಗೆ ಬಂದು ನಾಲ್ಕನೇ ಡೌನ್‌ನಲ್ಲಿ (ಹತ್ತು ಗಜಕ್ಕೆ ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು) ಬರಿಗೈಯಲ್ಲಿ ಮರಳಿತು, ವಿರಾಮಕ್ಕೆ ಎಲ್‌ಎಸ್‌ಯು 20–7 ಮುಂದೆ. ದ್ವಿತೀಯಾರ್ಧದಲ್ಲಿ ಟೆಕ್ಸಾಸ್‌ನ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಎಲಿಂಗರ್ ಬೆನ್ನು ಬಿಡಲಿಲ್ಲ. ಒಟ್ಟು 401 ಗಜ ಎಸೆದರು. ಅಂತರ 37–31ಕ್ಕೆ ಇಳಿದಿದೆ, ಎರಡೂವರೆ ನಿಮಿಷ ಚಿಲ್ಲರೆ ಉಳಿದಿದೆ, ಎಲ್‌ಎಸ್‌ಯು ತನ್ನದೇ 39 ಗಜದ ಗೆರೆಯಲ್ಲಿ ಮೂರನೇ ಡೌನ್‌ಗೆ ನಿಂತಿದೆ, ಬೇಕಾದದ್ದು 17 ಗಜ. ಪುಸ್ತಕದ ಉತ್ತರ: ಚೆಂಡನ್ನು ಓಟಗಾರನಿಗೆ ಕೊಟ್ಟು ಗಡಿಯಾರ ಓಡಿಸಿ, ನಾಲ್ಕನೆಯದರಲ್ಲಿ ಪಂಟ್ ಮಾಡಿ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡಿ). ಆದರೆ ಆರು ಅಂಕದ ಮುನ್ನಡೆ ಎಂದರೆ ಎದುರಾಳಿಯ ಒಂದು ಟಚ್‌ಡೌನ್ ಮತ್ತು ಅದರ ನಂತರದ ಒಂದಂಕದ ಕಿಕ್‌ಗೆ ಸೋಲು. ಆ ರಾತ್ರಿ ಎಲಿಂಗರ್ ಕೈಗೆ ಚೆಂಡು ಕೊಡುವುದೇ ಹೆಚ್ಚು ಅಪಾಯ.

ಎಲ್‌ಎಸ್‌ಯು ಪಾಸ್ ಆಡಿತು. ಟೆಕ್ಸಾಸ್ ಬ್ಲಿಟ್ಜ್ ಕಳಿಸಿತು, ಅಂದರೆ ಹೆಚ್ಚು ಜನರನ್ನು ನುಗ್ಗಿಸಿತು. ರೆಕಾರ್ಡಿಂಗ್ ಇದ್ದರೆ ಈ ಆಟವನ್ನು ನಿಧಾನಗತಿಯಲ್ಲಿ ಹಾಕಿ, ಬರ್ರೋ ಕಾಲು ಮಾತ್ರ ನೋಡಿ. ಹಿಂದೆ ಸರಿಯುವುದಿಲ್ಲ. ಮುಂದಕ್ಕೆ, ಸ್ವಲ್ಪ ಎಡಕ್ಕೆ ಜಾರುತ್ತಾರೆ, ಕಣ್ಣು ನುಗ್ಗುವವನ ಮೇಲೆ ಒಂದು ಕ್ಷಣವೂ ಇಳಿಯುವುದಿಲ್ಲ. ಮೈದಾನಕ್ಕೆ ಅಡ್ಡ ಓಡುತ್ತಿದ್ದ ಜೆಫರ್ಸನ್‌ಗೆ ಓಟ ನಿಲ್ಲಿಸದೆ ಹಿಡಿಯುವಂತೆ ಚೆಂಡು ಸಿಗುತ್ತದೆ. ಕಾಯುವವರು ಹೆಚ್ಚು ಜನ ನುಗ್ಗಿದ್ದರಿಂದ ಹಿಂದೆ ಉಳಿದವರು ಕಡಿಮೆ, 61 ಗಜದ ಟಚ್‌ಡೌನ್. ಆಮೇಲಿನ ಒಂದು ಸಣ್ಣ ಲೆಕ್ಕ ಬಹಳ ಜನ ಗಮನಿಸುವುದಿಲ್ಲ: 43–31ಕ್ಕೆ ಬಂದ ಎಲ್‌ಎಸ್‌ಯು ಒಂದಂಕದ ಕಿಕ್ ಬಿಟ್ಟು ಎರಡಂಕದ ಯತ್ನ ಮಾಡಿ ಅದರಲ್ಲಿ ಸಫಲವಾಯಿತು. ಕಿಕ್ ಆಗಿದ್ದರೆ ಅಂತರ 13, ಎರಡು ಟಚ್‌ಡೌನ್ ಎರಡು ಕಿಕ್‌ಗೆ ಟೆಕ್ಸಾಸ್ ಒಂದಂಕದಿಂದ ಗೆಲ್ಲುತ್ತಿತ್ತು. 14 ಆದ್ದರಿಂದ ಅಷ್ಟಕ್ಕೆ ಬರೀ ಸಮ. ಟೆಕ್ಸಾಸ್ ಮತ್ತೊಂದು ಟಚ್‌ಡೌನ್ ಹೊಡೆದು 45–38 ಮಾಡಿತು, ಅಲ್ಲಿಗೆ ಹೊತ್ತು ಮುಗಿಯಿತು. ಬರ್ರೋ ಅವರದು 39ರಲ್ಲಿ 31, 471 ಗಜ, 4 ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್. ಸೂತ್ರಕ್ಕೆ ಹಾಕಿದರೆ 209.7.

ಆದರೂ ಸುಧಾರಣೆಗೆ ಸಾಕ್ಷಿ ಕೇಳಿದರೆ ಮುಂದಿಡಬೇಕಾದದ್ದು ನಿಮಗೆ ಅನುಮಾನ ಹುಟ್ಟಿಸಿದ ಆಬರ್ನ್ ಪಂದ್ಯವನ್ನೇ. ಅಕ್ಟೋಬರ್ 26, ಬ್ಯಾಟನ್ ರೂಜ್. ಅಷ್ಟರಲ್ಲಿ ಎಲ್ಲ ತಂಡಗಳೂ ಎಲ್‌ಎಸ್‌ಯು ಆಟ ಓದಿಕೊಂಡಿದ್ದವು. ಆಬರ್ನ್ ತಂದ ಮದ್ದು ವಿಚಿತ್ರ: ಮುಂದೆ ಮೂವರು ಲೈನ್‌ಮನ್, ಒಬ್ಬನೇ ಲೈನ್‌ಬ್ಯಾಕರ್, ಹಿಂದೆ ಏಳು ಜನ. ನುಗ್ಗುವುದಕ್ಕಿಂತ ಹಿಂದೆ ನಿಂತು ಸಂದು ಮುಚ್ಚುವ ಯೋಜನೆ. ಡೆರಿಕ್ ಬ್ರೌನ್‌ನಂಥ ದೈತ್ಯ ಲೈನ್‌ನಲ್ಲಿದ್ದುದರಿಂದ ಮೂವರಿಂದಲೇ ಒತ್ತಡ ಹಾಕಬಲ್ಲೆವು ಎಂಬ ಧೈರ್ಯ ಅವರಿಗೆ. ಇಂಥ ಕಾವಲಿನ ಎದುರು ಕ್ವಾರ್ಟರ್‌ಬ್ಯಾಕ್‌ಗೆ ಕಾಡುವುದು ದುರಾಸೆ. ಆಳದಲ್ಲಿ ಚೇಸ್ ಓಡುತ್ತಿದ್ದಾನೆ, ಪ್ರತಿ ವಾರ ಸಿಕ್ಕ ಉದ್ದದ ಪಾಸ್ ಇವತ್ತೂ ಸಿಗಬೇಕು ಎಂದು ಕಾಯುತ್ತಾನೆ, ಸಿಗುವುದಿಲ್ಲ, ಕೊನೆಗೆ ಮೂರು ಜನರ ನಡುವೆ ಎಸೆಯುತ್ತಾನೆ.

ವಿರಾಮಕ್ಕೆ 10–10. ಬರ್ರೋ ಆ ದಿನ 42ರಲ್ಲಿ 32 ಮುಟ್ಟಿಸಿದರು, 321 ಗಜ, ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್. ತಾವೇ ಓಡಿ ಇನ್ನೊಂದು ಟಚ್‌ಡೌನ್ ತಂದರು. ಭಾಗಿಸಿ ನೋಡಿ: ಪ್ರತಿ ಎಸೆತಕ್ಕೆ 7.6 ಗಜ. 2018ರ ಇಡೀ ವರ್ಷದ ಸರಾಸರಿಯೂ ಅದೇ 7.6. ಅಂದರೆ ಆಬರ್ನ್ ಅವರನ್ನು ಗಜಗಳ ಲೆಕ್ಕದಲ್ಲಿ ಹಳೆಯ ಬರ್ರೋ ಆಗಿಸಿತ್ತು. ಆದರೆ ಯಶಸ್ವಿ ಪಾಸ್ ಶೇ 76.2, ವರ್ಷದ ಸರಾಸರಿಯಿಂದ ಹೆಚ್ಚುಕಡಿಮೆ ಇಳಿಯಲೇ ಇಲ್ಲ. ಸೂತ್ರದ ಅಂಕ 143.5, ಬರ್ರೋ ಅವರ ಆ ವರ್ಷದ ಲೆಕ್ಕಕ್ಕೆ ಬಹಳ ಕಡಿಮೆ, ಹಿಂದಿನ ವರ್ಷದ ಸರಾಸರಿಗಿಂತ ಹತ್ತು ಹೆಚ್ಚು. ಉದ್ದದ್ದು ಮುಚ್ಚಿದ್ದಾರೆ ಎಂದು ಕಂಡ ಕೂಡಲೇ ಆರು ಗಜದ್ದು, ಎಂಟು ಗಜದ್ದು ತೆಗೆದುಕೊಂಡು, ನಾಲ್ಕು ಡೌನ್‌ಗೆ ಹತ್ತು ಗಜ ಎಂಬ ಬಾಕಿ ತೀರಿಸುತ್ತಾ ಹೋದರು. ಮುಂದೆ ಜನ ಕಡಿಮೆ ಇದ್ದಾಗ ಚೆಂಡನ್ನು ಎಡ್ವರ್ಡ್ಸ್-ಹೆಲೇರ್ ಕೈಗಿಟ್ಟರು, ಅವರು 136 ಗಜ ಓಡಿದರು. ಎಲ್‌ಎಸ್‌ಯು ಆ ವರ್ಷ ಗಳಿಸಿದ ಅತಿ ಕಡಿಮೆ ಅಂಕ 23. ಎರಡು ವಾರದ ನಂತರ ಅಲಬಾಮಾವನ್ನು ಅದರ ಊರಿನಲ್ಲೇ 46–41ರಿಂದ ಸೋಲಿಸಿದಾಗ ಬರ್ರೋ ಮತ್ತೆ 39ರಲ್ಲಿ 31. 2020ರ ಜನವರಿ 13ರಂದು ಕ್ಲೆಮ್ಸನ್ ಮೇಲೆ 42–25ರಿಂದ ಗೆದ್ದು 15ಕ್ಕೆ 15 ಗೆಲುವಿನೊಂದಿಗೆ ರಾಷ್ಟ್ರ ಪ್ರಶಸ್ತಿ.

ಮುಂದೆ ಬೇರೆ ಪಂದ್ಯ ನೋಡುವಾಗ ನೀವೇ ಅಳೆಯಬಹುದು. ಸ್ನ್ಯಾಪ್‌ಗೆ ಮೊದಲು ಚಿತ್ರ ನಿಲ್ಲಿಸಿ, ಲೈನ್ ಎದುರು ಎಷ್ಟು ಜನ ಎಂದು ಎಣಿಸಿ, ಟಿ.ವಿ. ಕ್ಯಾಮೆರಾದಲ್ಲಿ ಸೇಫ್ಟಿಗಳು ಎಷ್ಟೋ ಸಲ ಕಾಣುವುದಿಲ್ಲ, ಅದಕ್ಕೆ ಬೇಸರ ಬೇಡ. ಸ್ನ್ಯಾಪ್ ಆದ ಮೇಲೆ ಚೆಂಡಿನ ಹಿಂದೆ ಕಣ್ಣು ಓಡಿಸದೆ ‘ಒಂದು ಸಾವಿರ, ಎರಡು ಸಾವಿರ’ ಎಂದು ಮನಸ್ಸಿನಲ್ಲೇ ಎಣಿಸಿ: ಮೂರು ದಾಟಿದ ಮೇಲೂ ಚೆಂಡು ಕೈಯಲ್ಲೇ ಇದ್ದರೆ ಎಲ್ಲೋ ತಡವಾಗಿದೆ. ಮೂರನೇ ಡೌನ್‌ಗಳನ್ನು ಬೇರೆಯಾಗಿ ಬರೆದಿಡಿ. ಐದಾರು ಪಂದ್ಯವಾದರೂ ನೋಡದೆ ತೀರ್ಪು ಕೊಡಬೇಡಿ, ದುರ್ಬಲ ತಂಡದ ಮೇಲೆ ಹೊಡೆದ ಐದು ಟಚ್‌ಡೌನ್ ಒಂದು ತಿಂಗಳ ಲೆಕ್ಕವನ್ನೇ ಕೆಡಿಸಿಬಿಡುತ್ತದೆ.

ಅಂದಹಾಗೆ, ಆಬರ್ನ್ ಪಂದ್ಯ ಹಾಕಿದಾಗ ಸೋತವರ ಕ್ವಾರ್ಟರ್‌ಬ್ಯಾಕ್ ಮೇಲೂ ಕಣ್ಣಿಡಿ. ಬೋ ನಿಕ್ಸ್, ಆಗ ಮೊದಲ ವರ್ಷದ ಹುಡುಗ. ಆ ರಾತ್ರಿ 35ರಲ್ಲಿ 15. ಅವರ 2019ರ ಇಡೀ ವರ್ಷದ ಲೆಕ್ಕ ಶೇ 57.6, 16 ಟಚ್‌ಡೌನ್, 6 ಇಂಟರ್‌ಸೆಪ್ಷನ್. ಬರ್ರೋ ಅವರ 2018ರ ಅಂಕಿಗಳ ಪಕ್ಕ ಇಟ್ಟರೆ ಅವಳಿಯಂತೆ ಕಾಣುತ್ತದೆ. ಆಮೇಲೆ ನಿಕ್ಸ್ ಕೂಡ ಕಾಲೇಜು ಬದಲಿಸಿದರು. 2023ರಲ್ಲಿ, ಕಾಲೇಜು ಆಟದ ತಮ್ಮ ಐದನೇ ವರ್ಷದಲ್ಲಿ, ಆರೆಗಾನ್ ತಂಡಕ್ಕೆ ಆಡುತ್ತಾ 470ರಲ್ಲಿ 364 ಮುಟ್ಟಿಸಿ ಶೇ 77.4 ತಲುಪಿದರು, ಅದು ದಾಖಲೆ. 2019 ಬರ್ರೋ ಅವರಿಗೂ ಕಾಲೇಜಿನ ಐದನೇ ವರ್ಷವೇ ಆಗಿತ್ತು.